ಯಾರ ವಾಹನವೂ ಅಲ್ಲದ ದೀಪ

ನನ್ನ ಸ್ವಂತ ಮನೆಯಲ್ಲಿ, ನಾನೇ ಮುಂದೆ ನಿಂತು ಕಟ್ಟಿಸಿದ ಕೋಣೆಯೊಳಗೆ ಕಾಲಿಡಬೇಕಾದರೆ ಈಗ ನಾನು ಕಾಲು ತೊಳೆದುಕೊಳ್ಳಬೇಕು. ಹೋದವನು ಕೈ ಮುಗಿದು ಹೊರಗೆ ಬರಬೇಕು. ಮಲಗುವ ಮಾತಂತೂ ಎತ್ತುವ ಹಾಗೇ ಇಲ್ಲ. ಇಷ್ಟೆಲ್ಲ ಒಂದು ಗೇಣುದ್ದವೂ ಇಲ್ಲದ ದೀಪದಿಂದ ಆಯಿತೆಂದರೆ ನೀವು ನಂಬಲಿಕ್ಕಿಲ್ಲ. ನನಗೇ ಇನ್ನೂ ನಂಬಿಕೆ ಬಂದಿಲ್ಲ.

ನಾನು ವೀರಪ್ಪ, ಬೈಲಹೊಂಗಲದ ಅರಳೆ ಪೇಟೆಯಲ್ಲಿ ಅಡತಿ ಅಂಗಡಿಯ ಗುಮಾಸ್ತ. ಹೋದ ವೈಶಾಖದಲ್ಲಿ ಮದುವೆಯಾಯಿತು. ಹೆಂಡತಿ ದೇವಕ್ಕ ಎಂ.ಕೆ. ಹುಬ್ಬಳ್ಳಿಯವಳು, ಅವರಪ್ಪ ಅಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿಸುತ್ತಾರೆ. ಅವರ ಮನೆಯ ಕಿಟಕಿಗೇ ಕಾರ್ಖಾನೆಯ ದೀಪ. ರಾತ್ರಿಯೆಲ್ಲ ಬೆಳಕು, ಕಬ್ಬಿನ ಲಾರಿ, ಪಾಳಿ ಬದಲಾದಾಗ ಭೋಂಗಾದ ಕೂಗು. ಅಷ್ಟರ ನಡುವೆ ಮಲಗಿ ದೊಡ್ಡವಳಾದವಳು ನಮ್ಮ ಮನೆಗೆ ಬಂದ ಮೇಲೆ, ನನಗೆ ಎಚ್ಚರವಾದಾಗಲೆಲ್ಲ ಹಾಸಿಗೆಯಲ್ಲಿ ಎದ್ದು ಕೂತಿರುತ್ತಿದ್ದಳು.

"ನನಗ ನಿದ್ದಿ ಬರವಲ್ದರಿ. ನಾಳಿಯಿಂದ ಪಡಸಾಲ್ಯಾಗ ಅತ್ತಿ ಬಾಜೂಕ ಮಲಗತೇನಿ" ಎಂದಳು ಒಂದು ಮುಂಜಾನೆ.

ಹೊಸದಾಗಿ ಮದುವೆಯಾದವನಿಗೆ ಬೇರೆ ಕೋಣೆ ಬೇಕೆಂದು ಅವ್ವನಿಗೆ ಬಾಯಿಬಿಟ್ಟು ಹೇಳಲಾರದೆ, ಜೋಳ ಇಡಲಿಕ್ಕೆ ಜಾಗ ಸಾಲದು ಎಂದು ಸುಳ್ಳು ಹೇಳಿ ಕಟ್ಟಿಸಿದ ಕೋಣೆ ಅದು. ಹೆಂಡತಿ ಹೋಗಿ ಅತ್ತೆಯ ಮಗ್ಗುಲಲ್ಲಿ ಮಲಗಿದರೆ ಆ ಕೋಣೆಯಲ್ಲಿ ನಿಜವಾಗಿಯೂ ಜೋಳವನ್ನೇ ಇಡಬೇಕಾಗುತ್ತದೆ.

ಕೂತು ವಿಚಾರ ಮಾಡಿದೆ. ಬೆಳಕಿನಲ್ಲಿ ಬೆಳೆದವಳು, ನಮ್ಮ ಓಣಿಯ ಕತ್ತಲು ಆಗಿಬಂದಿಲ್ಲ, ಅಷ್ಟೇ. ದೊಡ್ಡ ಬಲ್ಬು ಉರಿಯಬಿಟ್ಟರೆ ಅವ್ವ ಪಡಸಾಲೆಯಿಂದಲೇ, "ಇಷ್ಟೊತ್ತಿಗೆ ಏನ ಓದಾಕ ಹತ್ತೀರಿ?" ಎಂದು ಕೇಳುತ್ತಾಳೆ. ಆದ್ದರಿಂದ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ರಾತ್ರಿ ದೀಪವೇ ಇದಕ್ಕೆ ಮದ್ದು. ಕೋಣೆಯಲ್ಲಿ ಪ್ಲಗ್ಗೂ ಇತ್ತು. ಮಾವನವರು ಕೊಟ್ಟ ಇಸ್ತ್ರಿಪೆಟ್ಟಿಗೆಗೆಂದು ಹಾಕಿಸಿದ್ದು; ಇಡೀ ಮನೆಗೆ ಅದೊಂದೇ.

ಪೇಟೆಯಲ್ಲಿ ಶಂಕರೆಪ್ಪನ ಅಂಗಡಿಗೆ ಹೋದೆ. ಅವನು ಮೇಜಿನ ತುಂಬ ದೀಪ ಹರವಿದ.

"ಗಣಪತಿ ಒಯ್ರಿ. ಹೊಟ್ಟಿ ಕೆಂಪಗ ಉರೀತೈತಿ."

"ಬ್ಯಾಡಪಾ. ಅವ್ವ ಕಡಬು ಮಾಡಾಕ ಕುಂತುಬಿಡತಾಳ."

(ನಮ್ಮವ್ವನ ಭಕ್ತಿಯ ವಿಷಯ ನಿಮಗೆ ಗೊತ್ತಿಲ್ಲ. ಸಂಜೆ ಸ್ವಿಚ್ಚು ಒತ್ತಿದರೆ ಬಲ್ಬಿಗೆ ಕೈ ಮುಗಿಯುತ್ತಾಳೆ. ಯಲ್ಲಮ್ಮನ ಕಡೆಯಿಂದ ಬಂತೆಂದು ಸವದತ್ತಿಯ ಬಸ್ಸಿಗೂ ಕೈ ಮುಗಿಯುತ್ತಾಳೆ. ಹೀಗಾಗಿ ನಾನು ಬಹಳ ಹುಷಾರಿಯಿಂದ ಆರಿಸಬೇಕಾಗಿತ್ತು.)

"ನವಿಲ?"

"ಷಣ್ಮುಖನ ವಾಹನ."

"ಕಮಲ?"

"ಲಕ್ಷ್ಮೀ ಕುಂದರೂದು ಅದರಾಗ."

"ಎತ್ತು ಐತಿ ನೋಡ್ರಿ, ಕಣ್ಣಾಗ ದೀಪ."

"ಬಸವಣ್ಣನ್ನ ತಂದು ಗ್ವಾಡಿಗೆ ಸಿಗಿಸಂತೀಯೇನು?"

"ಮೀನ?"

"ಮೀನ ಒಯ್ದರ ಅದರ ಜೋಡಿ ನನ್ನೂ ಹೊರಗ ಹಾಕತಾಳ."

ಶಂಕರೆಪ್ಪನಿಗೆ ತಲೆ ಕೆಟ್ಟಿತು. ಹಿಂದಿನ ಡಬ್ಬಿಯಿಂದ ಧೂಳು ಹಿಡಿದದ್ದೊಂದನ್ನು ತೆಗೆದು ಮುಂದಿಟ್ಟ. ಕೆಳಗೆ ಚಹದ ಬಸಿಯಂಥ ಪೀಠ, ಮೇಲೆ ಹಾಲುಬಿಳುಪಿನ ನುಣ್ಣಗಿನ ಗುಂಡು. ಕಣ್ಣಿಲ್ಲ, ಮೂಗಿಲ್ಲ, ರೆಕ್ಕೆಯಿಲ್ಲ.

"ಇದನ್ನ ಒಯ್ರಿ. ಇದು ಯಾರ ಮೂರ್ತೀನೂ ಅಲ್ಲ, ಯಾರ ವಾಹನಾನೂ ಅಲ್ಲ."

ನನಗೆ ಬಹಳ ಸಮಾಧಾನವಾಯಿತು. (ನೀವು ಈಗಾಗಲೇ ನಗುತ್ತಿದ್ದೀರಿ. ನನಗೆ ಹೊಳೆಯಲಿಲ್ಲ.)

ಆ ರಾತ್ರಿ ಕೋಣೆಯಲ್ಲಿ ಬೆಳದಿಂಗಳಿನಂಥ ಬೆಳಕು. ನಾನು ತಲೆ ಇಟ್ಟ ಕೂಡಲೆ ನಿದ್ದೆ ಹೋದೆ. ಮುಂಜಾನೆ ನೋಡಿದರೆ ದೇವಕ್ಕನ ಕಣ್ಣು ಮೊದಲಿಗಿಂತ ಕೆಂಪು. "ರೂಢಿ ಆಗೂ ತನಕ ಹಂಗ" ಎಂದೆ. ಅವಳು ಆ ದೀಪವನ್ನೇ ನೋಡುತ್ತ ನಿಂತಿದ್ದಳು.

ಸಂಜೆ ಅಂಗಡಿಯಿಂದ ಬಂದರೆ ಬಾಗಿಲ ಮುಂದೆ ಚಪ್ಪಲಿಯ ರಾಶಿ. ಯಾರಿಗೆ ಏನಾಯಿತೋ ಎಂದು ಓಡಿ ಒಳಗೆ ಹೋದರೆ ನನ್ನ ಕೋಣೆಯ ತುಂಬ ಓಣಿಯ ಹೆಣ್ಣುಮಕ್ಕಳು. ಊದಿನಕಡ್ಡಿಯ ಹೊಗೆ. ಗೋಡೆಯ ಮೇಲೆ ನನ್ನ ದೀಪ. ಅದರ ಮೇಲೆ ಮೂರು ಗೆರೆ ವಿಭೂತಿ.

"ತಮ್ಮಾ, ನಿನ್ನ ಕೋಣ್ಯಾಗ ಲಿಂಗ ಮೂಡೇತಿ" ಎಂದಳು ಅವ್ವ. ಅವಳ ಕಣ್ಣಲ್ಲಿ ನೀರಿತ್ತು. "ಕಸಾ ಹೊಡ್ಯಾಕ ಬಂದ್ನಿ, ನೋಡತೇನಿ, ಬೆಳ್ಳಗ ಬೆಳಗಾಕ ಹತ್ತೇತಿ. ವಿಭೂತಿನೂ ತಾನ ಮೂಡೇತಿ."

"ಅವ್ವಾ, ಅದು ದೀಪ. ನಿನ್ನೆ ಶಂಕರೆಪ್ಪನ ಅಂಗಡ್ಯಾಗ ತಂದೇನಿ."

"ಕಲ್ಲಿನ ಲಿಂಗಾನೂ ಯಾವನೋ ಒಬ್ಬ ತಂದ ಇಟ್ಟಿರತಾನ."

"ನಮ್ಮದು ಕೊರಳಾಗ ಐತೆಲ್ಲ, ಮತ್ತ ಗ್ವಾಡ್ಯಾಗ ಯಾಕ?"

"ಕೊರಳಾಗಿಂದು ನಂದು. ಇದು ಮನಿತನದ್ದು" ಎನ್ನುತ್ತ ಅವ್ವ ತಂಬಿಗೆಯಲ್ಲಿ ಬೆರಳು ಅದ್ದಿ ದೀಪಕ್ಕೆ ನೀರು ಮುಟ್ಟಿಸಿದಳು. ನಾನು ಬೇಡ ಎನ್ನುವುದರೊಳಗೆ ಜುಮ್ಮೆಂದು ಹೊಡೆದು ಅವ್ವ ಹಿಂದಕ್ಕೆ ಕೂತಳು. ಪುಣ್ಯಕ್ಕೆ ಏನೂ ಆಗಿರಲಿಲ್ಲ.

"ಕರೆಂಟ ಹೊಡೀತು. ಈಗರ ತಿಳೀತ?"

ಅವ್ವ ಮೊಳಕೈ ತಿಕ್ಕಿಕೊಳ್ಳುತ್ತ ಹೆಣ್ಣುಮಕ್ಕಳ ಕಡೆ ತಿರುಗಿದಳು. "ನೋಡಿದ್ರಿ? ಜಾಗೃತ ಐತಿ."

ಸಿಟ್ಟು ನೆತ್ತಿಗೇರಿ ಅದನ್ನು ಕಿತ್ತೇ ಹಾಕುತ್ತೇನೆಂದು ಕೈ ಹಚ್ಚಿದೆ. ವಿಭೂತಿಯ ನೀರು ಪ್ಲಗ್ಗಿನೊಳಗೆ ಇಳಿದಿತ್ತು. ಹೊಡೆದ ಹೊಡೆತಕ್ಕೆ ಸುತ್ತಿಟ್ಟ ಹಾಸಿಗೆಯ ಮೇಲೆ ಹೋಗಿ ಬಿದ್ದೆ.

"ಮೈ ತೊಳ್ಕೊಳ್ಳದ ಮುಟ್ಟಿದ್ದಕ್ಕ ಇವಗ ಜಾಸ್ತಿ ಹೊಡೀತು" ಎಂದು ಅವ್ವ ತೀರ್ಪು ಕೊಟ್ಟಳು. ಹೆಣ್ಣುಮಕ್ಕಳೆಲ್ಲ ಹೌದೌದು ಎಂದರು.

"ಬ್ಯಾರೆ ಕಡೆ ಇಡೂಣು" ಎಂದೆ. ಬೇರೆ ಕಡೆ ಪ್ಲಗ್ಗೆಲ್ಲಿದೆ? ಅವ್ವ ದನಿ ಇಳಿಸಿ ಹೇಳಿದಳು: "ದೇವರ ಮುಂದ ಗಂಡ-ಹೆಂಡತಿ ಮಲಗೂದು ಚಂದ ಕಾಣತೈತೇನು? ನೀ ಹೊರಗ ಕಟ್ಟಿ ಮ್ಯಾಲ ಮಲಗು. ನಾನೂ ದೇವಕ್ಕನೂ ಇಲ್ಲಿ ಇರತೇವಿ."

ದೇವಕ್ಕ ಸೆರಗು ಹೊದ್ದು, ಕೈ ಮುಗಿದು, ತಲೆ ತಗ್ಗಿಸಿ ಕೂತಿದ್ದಳು. ಪಾಪ, ಅವಳಿಗೂ ಎಷ್ಟು ಸಂಕಟವಾಗಿರಬೇಕು ಎಂದುಕೊಂಡೆ.

ಅಂದಿನಿಂದ ನಾನು ಕಟ್ಟೆಯ ಪಾಲು, ಸೊಳ್ಳೆಗಳ ಪಾಲು. ದೇವಕ್ಕ ಮಾತ್ರ ದಿನದಿನಕ್ಕೆ ತುಂಬಿಕೊಂಡಳು, ಕಣ್ಣಿನ ಕೆಂಪು ಹೋಯಿತು. ನನ್ನ ದೀಪದ ಗುಣ ಎಂದು ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆ.

ಕಡೆಗೊಂದು ಮುಂಜಾನೆ ದೇವರು ಆರಿತು. ಒಳಗಿನ ಬಲ್ಬು ಸುಟ್ಟುಹೋಗಿತ್ತು. ಅವ್ವ ಊಟ ಬಿಟ್ಟು ಅಡಿಗೆಮನೆಯಲ್ಲಿ ಕೂತಳು. ನಾನು ಮುಖ ಸಣ್ಣದು ಮಾಡಿಕೊಂಡು, ಹಾಸಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕುಣಿಯುವ ಎದೆಯಿಂದ ಕೋಣೆಗೆ ಬಂದೆ. ದೇವಕ್ಕ ತನ್ನ ಟ್ರಂಕು ತೆರೆದು, ಸೀರೆಗಳ ಕೆಳಗಿನಿಂದ ಒಂದು ಗಂಟು ತೆಗೆದಳು. ಬಿಚ್ಚಿದರೆ ಸಣ್ಣ ಸಣ್ಣ ಬಲ್ಬುಗಳು.

"ತಗೋರಿ. ತವರಮನಿಯಿಂದ ತರಿಸಿಟ್ಟೇನಿ."

ಹಾಸಿಗೆ ಜಾರಿ ಕೆಳಗೆ ಬಿತ್ತು. "ನಿನಗೂ ಇಷ್ಟು ಭಕ್ತೀನ?"

"ಭಕ್ತಿ ಅತ್ತಿಯವರದರಿ. ನನಗ ನಿದ್ದಿ ಬೇಕು. ಮೂರು ಗೆರಿ ಎಳೆದಾಕಿ ನಾನ."

"ಕತ್ತಲಾಗ ನಿದ್ದಿ ಬರೂದಿಲ್ಲ ಅಂದಿ ಅಂತ ದೀಪ ತಂದ್ನೆಲ್ಲ" ಎಂದೆ.

"ಕತ್ತಲಂತ ನಾ ಎಂದ ಅಂದೆ? ನಿದ್ದಿ ಬರವಲ್ದು ಅಂದೆ. ಹೊಸದಾಗಿ ಬಂದಾಕಿ, ಗಂಡನ ಮಾರಿ ಮ್ಯಾಲ ಹೆಂಗ ಹೇಳಬೇಕು? ಕಾರ್ಖಾನಿ ಭೋಂಗಾ ಪಾಳಿಗೊಮ್ಮೆ ಊದಿ ಸುಮ್ಮನಾಗತಿತ್ತು. ನಿಮ್ಮ ಗೊರಕಿ ಬೆಳಗಾಗೂ ತನಕಾ ಐತಿ."

ಹೇಳಿ, ಹೊರಗೆ ಮುಖ ಮಾಡಿ ಕೂಗಿದಳು: "ಅತ್ತೀ, ಊಟಕ್ಕ ಏಳ್ರಿ. ಇವರು ಹೊಸಾ ಬಲ್ಬ್ ತಂದಾರರಿ."

"ನನ್ನ ಮಗ ಬಂಗಾರದಂಥಾವ" ಎಂದಳು ಅವ್ವ ಒಳಗಿನಿಂದ. "ತಮ್ಮಾ, ಜಳಕಾ ಮಾಡಿ ಹಾಕಪಾ. ಹಂಗ ಮುಟ್ಟಬ್ಯಾಡ."

ನಾನು ಟವೆಲ್ ತೆಗೆದುಕೊಂಡು ಬಚ್ಚಲಿಗೆ ಹೋದೆ.