ಎಳ್ಳ ಅಮಾವಾಸ್ಯೆಗೆ ನಮ್ಮ ಮಾಳಿಗೆಯ ಕೊತ್ತಂಬರಿ

ಬೀದರ್ ಪಕ್ಕದ ಕೊಳಾರದ ಗೊಬ್ಬರದ ಗೋದಾಮಿನಲ್ಲಿ ನಾನು ಮೇಲ್ವಿಚಾರಕ. ದಿನವಿಡೀ ಗೊಬ್ಬರದ ಚೀಲ ನೋಡುವವನಿಗೆ ಗೊಬ್ಬರದ ಜ್ಞಾನ ತಾನಾಗಿಯೇ ಬರುತ್ತದೆಂದು ದೃಢವಾಗಿ ನಂಬಿದ್ದೆ. ಹಾಗಾದರೆ ಬ್ಯಾಂಕಿನ ಬಾಗಿಲು ಕಾಯುವವನು ಕೋಟ್ಯಧಿಪತಿ ಆಗಬೇಕಿತ್ತಲ್ಲ ಎಂಬುದು ಆಗ ಹೊಳೆಯಲಿಲ್ಲ!

ಎಳ್ಳ ಅಮಾವಾಸ್ಯೆ ಇನ್ನೂ ದೂರವಿರುವಾಗಲೇ ಚಿಂತಾಕಿಯ ಭಾವನಿಗೆ ಫೋನಿನಲ್ಲಿ ಘೋಷಿಸಿಬಿಟ್ಟೆ: "ಈ ಸಲ ಭಜ್ಜಿಗಿ ಮೆಂತಿ, ಕೊತ್ತಂಬರಿ ಎಲ್ಲಾ ನಮ್ಮ ಮಾಳಗಿ ಮ್ಯಾಲಿಂದೇ ರೀ!"

ಪಕ್ಕದಲ್ಲಿದ್ದ ಹೆಂಡತಿ ಮಹಾದೇವಿಯ ಮುಖ ಬಿಳಿಚಿತು. ಆ ಹಬ್ಬದಂದು ಅವಳ ತವರು ಚಿಂತಾಕಿಯ ಹೊಲದಲ್ಲಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಹೆಣ್ಣುಮಕ್ಕಳು ಸೊಪ್ಪು, ಕಾಳು ಹಾಕಿ ಕುದಿಸಿದ ಭಜ್ಜಿಯನ್ನು ತಮ್ಮ ತಮ್ಮ ಮನೆಯಿಂದ ಗಡಿಗೆಯಲ್ಲಿ ತರುತ್ತಾರೆ. ಪ್ರತಿ ವರ್ಷ ಮೊದಲು ಖಾಲಿಯಾಗುವುದು ಮಹಾದೇವಿಯದು. "ಅವ್ವನ ಕೈರುಚಿ ಇಕಿಗೇ ಬಂದದ" ಎಂಬ ಒಂದು ಮಾತಿಗಾಗಿ ಅವಳು ವರ್ಷವಿಡೀ ಕಾಯುತ್ತಾಳೆ. ಅವ್ವ ತೀರಿಹೋದ ಮೇಲೆ ತವರಿನಿಂದ ಅವಳಿಗೆ ಬಂದ ಆಸ್ತಿ ಅದೊಂದೇ.

"ರೀ, ಬಜಾರದಾಗ ತರೋಣ್ರಿ. ನಿಮ್ಮ ಹುಚ್ಚಾಟ ನನ್ನ ಗಡಗ್ಯಾಗ ಬ್ಯಾಡ."

"ನೀ ಸುಮ್ಮನ ನೋಡ್ಕೋತ ಇರು!"

ಬಣ್ಣದ ಹಳೆಯ ಡಬ್ಬಿಗಳಲ್ಲಿ ಬೀಜ ಹಾಕಿದೆ. ಸಸಿ ಬಂದವು. ಮುಟ್ಟಿದರೆ ಕೈಯೆಲ್ಲ ಘಮಘಮ. ಆದರೆ ಗಿಡ್ಡ! ಗೋದಾಮಿನ ಮೇಲ್ವಿಚಾರಕನ ಗಿಡ ಗಿಡ್ಡವಿರುವುದೆಂದರೇನು? ಮುಷ್ಟಿ ತುಂಬ ಯೂರಿಯಾ ಎರಚಿದೆ.

ಗಿಡಗಳು ಎದ್ದವು ನೋಡಿ! ಪಕ್ಕದ ಮನೆಯ ಖಲೀಲ್ ಭಾಯಿ ಗೋಡೆಯಾಚೆಯಿಂದ ಕೈ ಚಾಚಿ ಒಂದೆಲೆ ಹಿಸುಕಿ ಮೂಸಿದರು.

"ಪತ್ತಿ ಭಾರಿ ಅವ ಸಾಬ್. ಖುಷಬೂ ಎಲ್ಲದ?"

ನಾನೂ ಮೂಸಿದೆ. ಇರಲಿಲ್ಲ. ಗಿಡಕ್ಕೆ ಹಸಿವು ಇನ್ನೂ ತೀರಿಲ್ಲವೆಂದು ತೀರ್ಮಾನಿಸಿ ಮತ್ತೊಂದು ಮುಷ್ಟಿ ಹಾಕಿದೆ.

"ಅರೆ ಸಾಬ್, ಹೊಟ್ಟಿ ತುಂಬ ನೀರು ಕುಡಿಸಿದ್ರ ಪೈಲ್ವಾನ್ ಆಗ್ತಾನೇನ್ರಿ?" ಎಂದರು ಖಲೀಲ್ ಭಾಯಿ. ಹೊಟ್ಟೆಕಿಚ್ಚು ಅಂದುಕೊಂಡೆ.

ಕೊತ್ತಂಬರಿ ಮೊಣಕಾಲು ಮುಟ್ಟಿತು. ಮೆಂತ್ಯದ ಎಲೆ ವೀಳ್ಯದೆಲೆಗೆ ಸವಾಲು ಹಾಕಿತು. ಹಬ್ಬದ ಹಿಂದಿನ ಸಂಜೆ ಮಹಾದೇವಿ ಚೀಲ ಹಿಡಿದು ಬಜಾರಕ್ಕೆ ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಭಾವಗ ಮಾತು ಕೊಟ್ಟೇನಿ! ಕುದ್ದ ಮ್ಯಾಲ ವಾಸನಿ ತಾನೇ ಬಿಡ್ತದ!"

ಪಾಪ, ನಂಬಿದಳು. ಮದುವೆಯಾಗುವಾಗಲೂ ಹೀಗೇ ನಂಬಿದ್ದಳು.

ಸೊಪ್ಪು ಕುದಿಯಿತು, ನೀರು ಬಿಟ್ಟಿತು, ವಾಸನೆ ಮಾತ್ರ ಬಿಡಲಿಲ್ಲ. ಅವಳು ಬೆಳ್ಳುಳ್ಳಿ ಹಾಕಿದಳು, ಖಾರ ಹಾಕಿದಳು, ಹುಣಸೆಹುಳಿ ಹಿಂಡಿದಳು. ಕೊನೆಗೆ ನನ್ನನ್ನು ನೋಡಿದಳು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಂದೆ.

ಹೊಲದಲ್ಲಿ ಗಡಿಗೆಯ ಮುಚ್ಚಳ ತೆಗೆದಾಗ ಬಣ್ಣಕ್ಕೆ ಎಲ್ಲರೂ ವಾಹ್ ಎಂದರು. ಭಾವ ರೊಟ್ಟಿಗೆ ಭಜ್ಜಿ ಹಚ್ಚಿಕೊಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಉಪ್ಪು ಬರಾಬರ್ ಅದ, ತಂಗಿ" ಎಂದರು.

ಅವರ ಹೆಂಡತಿ ಮೆಲ್ಲಗೆ ಕೇಳಿದರು: "ಮೆಂತಿ ಪಲ್ಯೆ ಹಾಕೋದು ಮರ್ತೀರೇನ್ರಿ?"

ಉಳಿದವರ ಗಡಿಗೆಗಳ ತಳ ಕಂಡಿತು. ನಮ್ಮದು ಕಂಠಮಟ್ಟ ಇತ್ತು. ಅವ್ವನ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ಮಹಾದೇವಿ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು.

ತಿರುಗಿ ಬರುವಾಗ ಔರಾದ್‌ನಲ್ಲಿ ಬಸ್ಸು ಕಿಕ್ಕಿರಿಯಿತು. ಗಡಿಗೆ ನನ್ನ ತೊಡೆಯ ಮೇಲಿತ್ತು.

"ಏನದರಿ ಅದರಾಗ?" ಕಂಡಕ್ಟರ್ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಮಹಾದೇವಿ ಹೇಳಿದಳು: "ಯೂರಿಯಾ."

ಪಕ್ಕದಲ್ಲಿ ಕೂತಿದ್ದವನು ಮೂಗು ಮುಚ್ಚಿಕೊಂಡು ಥಟ್ಟನೆ ಎದ್ದ. ಹಬ್ಬದ ಅಂಥ ಗದ್ದಲದಲ್ಲೂ ಬೀದರ್ ಬರುವವರೆಗೆ ಪೂರಾ ಸೀಟು ನನ್ನೊಬ್ಬನಿಗೇ! ಮಹಾದೇವಿಯೂ ಕೂರಲಿಲ್ಲ, ಕಂಬ ಹಿಡಿದು ನಿಂತೇ ಬಂದಳು.