ಗಂಟಲೊಳಗಿನ ಕಾಳಿನ ಸರ

ಗಂಟಲು ನೋವು ಬಂತೆಂದು ಕುಣಿದಾಡಿದವರನ್ನು ಎಲ್ಲಾದರೂ ಕಂಡಿದ್ದೀರಾ? ವೈದ್ಯಕೀಯ ನಿಘಂಟಿನ ಕಚೇರಿಯ ಪ್ರೂಫ್ ರೀಡರ್ ಅಂದು ಕುಣಿದಿದ್ದ. ಸಂಜೆ ಅವನ ಮಗಳು ಶಾಲೆಯ ನಾಟಕದಲ್ಲಿ ರಾಣಿ. "ಅಪ್ಪಾ, ನೀನು ಬರ್ಲಿಲ್ಲ ಅಂದ್ರೆ ನಾನು ಬಾಯೇ ಬಿಡಲ್ಲ" ಎಂದು ಹೆದರಿಸಿದ್ದಳು. ಸಂಪಾದಕರೋ, ಕಾಯಿಲೆ ಇಲ್ಲದವರಿಗೆ ರಜೆ ಕೊಡುವ ಪೈಕಿಯಲ್ಲ. ಈಗ ಲ್ಯಾಬಿನ ವರದಿ ಬಂದಿತ್ತು: ಗಂಟಲಲ್ಲಿ ರೋಗಾಣು.

"ಸಾರ್, ನಂಗೆ ಸ್ಟ್ರೆಪ್ಟೊಕಾಕಸ್ ಬಂದಿದೆ ಸಾರ್!" ಎಂದು ಲಾಟರಿ ಹೊಡೆದವನಂತೆ ಕೋಣೆಗೆ ನುಗ್ಗಿದ.

ಸಂಪಾದಕರು ಕುರ್ಚಿಯಿಂದ ಎದ್ದೇಬಿಟ್ಟರು. "ಅಬ್ಬಬ್ಬಾ, ಎಂಥಾ ಪದ ತಂದಿದೀಯಯ್ಯಾ! ಎಲ್ಲಿಂದ ಬಂತು ಇದು?"

"ಲ್ಯಾಬಿಂದ ಸಾರ್. ಅರ್ಧ ದಿನ ರಜೆ..."

"ರಜೆ ಎಲ್ಲಿಗೆ ಓಡಿಹೋಗುತ್ತೆ? ಮೊದ್ಲು ಗ್ರೀಕ್ ನಿಘಂಟು ತಗೊಂಡ್ ಬಾ!"

ದಪ್ಪ ನಿಘಂಟು ಮೇಜಿನ ಮೇಲೆ ಧೊಪ್ಪೆಂದು ಬಿತ್ತು. ಟೈಪಿಸ್ಟ್, ಉಪಸಂಪಾದಕ ಎಲ್ಲರೂ ಮುತ್ತಿಕೊಂಡರು. ಆ ಕಚೇರಿಯಲ್ಲಿ ಬೆರಳನ್ನು ನಾಲಿಗೆಗೆ ಮುಟ್ಟಿಸದೆ ಹಾಳೆ ಮಗುಚಿದವರೇ ಇಲ್ಲ. ಪ್ರೂಫ್ ರೀಡರ್ ಬೆರಳು ನೆಕ್ಕಿ ಮಗುಚಿದ, ಸಂಪಾದಕರು ನೆಕ್ಕಿ ಮಗುಚಿದರು.

"ಸಿಕ್ತು!" ಸಂಪಾದಕರು ಕೂಗಿದರು. "ಸ್ಟ್ರೆಪ್ಟೋಸ್ ಅಂದ್ರೆ ತಿರುಚಿದ್ದು, ಕೊಕ್ಕೋಸ್ ಅಂದ್ರೆ ಕಾಳು. ಸೂಕ್ಷ್ಮದರ್ಶಕದಲ್ಲಿ ಕಾಳು ಪೋಣಿಸಿದ ಸರದ ಹಾಗೆ ಕಾಣುತ್ತೆ!"

"ನಿಮ್ಮ ಗಂಟಲೊಳಗೇ ಸರ ಇದೆಯಾ? ನನ್ನ ಕತ್ತಲ್ಲೇ ಇಲ್ವಲ್ರೀ!" ಎಂದಳು ಟೈಪಿಸ್ಟ್, ಪ್ರೂಫ್ ರೀಡರ್ ಕಡೆ ತಿರುಗಿ.

"ಸ್ಟ್ಯಾಫಿಲೊಕಾಕಸ್ ಅನ್ನೋ ರೋಗಾಣು ಏನು ಕಮ್ಮೀನಾ?" ಉಪಸಂಪಾದಕನೂ ಬೆರಳು ನೆಕ್ಕಿದ. "ಸ್ಟಾಫಿಲೆ ಅಂದ್ರೆ ದ್ರಾಕ್ಷಿ ಗೊಂಚಲು! ಬ್ಯಾಸಿಲಸ್ ಲ್ಯಾಟಿನ್ನಿನ ಪುಟ್ಟ ಕೋಲು!"

"ಬ್ಯಾಕ್ಟೀರಿಯಾನೂ ಗ್ರೀಕಿನ ಪುಟ್ಟ ಕೋಲೇ ಕಣಯ್ಯಾ!" ಎಂದರು ಸಂಪಾದಕರು.

ಯಾವ ಕೋಲು ಮೊದಲು ಹುಟ್ಟಿತೆಂದು ಜಗಳ ಹತ್ತಿತು. ಹಾಳೆಗಳು ಹಾರಿದವು, ಬೆರಳುಗಳು ನೆಕ್ಕಿಸಿಕೊಂಡವು. ಪ್ರೂಫ್ ರೀಡರ್‌ಗೆ ಗಡಿಯಾರ ನೋಡಿ ನೋಡಿ ಸಾಕಾಯಿತು. ವಿವರಣೆ ಮುಗಿದರೆ ರಜೆ ಸಿಗುತ್ತದೆಂದು ತಾನು ತಿದ್ದುತ್ತಿದ್ದ 'ಗಂಟಲ ಸೋಂಕು' ಪುಟದ ಪ್ರೂಫನ್ನೇ ಎತ್ತಿಕೊಂಡು ಗೊಗ್ಗರು ದನಿಯಲ್ಲಿ ಓದಿದ: "ಹರಡುವ ಬಗೆ: ರೋಗಿಯ ಎಂಜಲಿನಿಂದ."

ಒದ್ದೆ ಬೆರಳುಗಳೆಲ್ಲ ಗಾಳಿಯಲ್ಲೇ ನಿಂತವು.

"ಲೋ ಪಾಪಿ! ಈ ನಿಘಂಟು ನೀನು ಯಾವಾಗಿಂದ ಮಗುಚ್ತಿದೀಯಾ?"

"ಬೆಳಿಗ್ಗೆಯಿಂದಾನೂ ಸಾರ್."

ಎಲ್ಲರೂ ನಲ್ಲಿಗೆ ಓಡಿದರು. ಬಾಯಿ ಮುಕ್ಕಳಿಸಿದ ಸಂಪಾದಕರು ಕೂಗಿದರು: "ಎಲ್ರಿಗೂ ರಜೆ! ನಡೀರಿ ಡಾಕ್ಟರ ಹತ್ರ!"

ಪ್ರೂಫ್ ರೀಡರ್ ಹಿಗ್ಗಿ ಹೀರೇಕಾಯಾಗಿ ಚೀಲ ಹೆಗಲಿಗೇರಿಸಿದ.

"ನೀನೆಲ್ಲಿಗೆ ಹೊರಟೆ?" ಸಂಪಾದಕರು ಬಾಗಿಲಾಚೆಯಿಂದಲೇ ಗದರಿದರು. "ನಮಗೆ ಬರೋ ಭಯ. ನಿಂಗೆ ಆಗ್ಲೇ ಬಂದಾಯ್ತು, ಇನ್ನೇನು ಭಯ? ಇವತ್ತಿನ ಪುಟ ಅಚ್ಚಿಗೆ ಹೋಗ್ಬೇಕು, ಕೂತ್ಕೊಂಡು ಮುಗಿಸು."

ಖಾಲಿ ಕಚೇರಿಯಲ್ಲಿ ಅವನೊಬ್ಬನೇ ಉಳಿದ. ಅಳುವೇ ಬಂತು. ಸಂಜೆ ಫೋನ್ ಬಡಿದುಕೊಂಡಿತು. ಹೆಂಡತಿ!

"ರೀ, ಎಲ್ಲಿದೀರಾ? ನಿಮ್ಮ ಸಾಹೇಬ್ರು ಮುಂದಿನ ಸಾಲಲ್ಲೇ ಕೂತಿದಾರೆ! ಅವರ ಮೊಮ್ಮಗನೇ ರಾಜ ಅಂತೆ. ಡಾಕ್ಟ್ರು ಏನೂ ಆಗಿಲ್ಲ ಅಂದ್ರಂತೆ, ಸೀದಾ ಇಲ್ಲಿಗೇ ಬಂದ್ರಂತೆ. ಇವಳು ನೋಡಿದ್ರೆ ನೀವಿಲ್ಲ ಅಂತ ಬಾಯೇ ಬಿಡ್ತಿಲ್ಲ. ಫೋನಲ್ಲಾದ್ರೂ ಒಂದು ಮಾತು ಹೇಳ್ರೀ!"

ಅವನು ಬಾಯಿ ತೆರೆದ. ಗಂಟಲು ಪೂರ್ತಿ ಕಟ್ಟಿಹೋಗಿತ್ತು.