ಕೆನ್ನೆಗೆ ಕಾಚಂಪುಳಿ

ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದುವ ಚಟ ಒಮ್ಮೆ ಹತ್ತಿತೆಂದರೆ ಮನುಷ್ಯರಿಗೆ ನೆಮ್ಮದಿ ಇರುವುದಿಲ್ಲ. ಶನಿವಾರಸಂತೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿರುವ ನನಗೆ ಆ ಚಟ ಸ್ವಲ್ಪ ಜಾಸ್ತಿಯೇ. ಗೋಲ್ಡ್ ಫೇಶಿಯಲ್ಲಿನ ಚಿನ್ನ ಎಂಥದ್ದೆಂದು ನನಗೆ ಗೊತ್ತು. ಅದನ್ನು ತೊಳೆದ ನೀರನ್ನು ಒಂಚೂರೂ ಸಂಕಟವಿಲ್ಲದೆ ಚರಂಡಿಗೆ ಚೆಲ್ಲುತ್ತೇನೆ. ವಿಟಮಿನ್ ಸಿ ಸೀರಮ್ಮು ಮುಚ್ಚಳ ತೆಗೆದ ಕೆಲವೇ ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿ ಕೂರುತ್ತದೆ. ಇನ್ನು ಕಾಫಿ ಸ್ಕ್ರಬ್ಬು: ಸುತ್ತ ಕಾಫಿ ತೋಟವೇ ಇರುವ ಊರಿಗೆ ಎಲ್ಲಿಂದಲೋ ಪ್ಯಾಕೆಟ್ಟಿನಲ್ಲಿ ಬರುವ ಆ ಚರಟವನ್ನು ಉಜ್ಜುವಾಗ ಗಿರಾಕಿಯೂ ನಗುತ್ತಾರೆ, ನಾನೂ ನಗುತ್ತೇನೆ. ಆದರೂ ಮೂರನ್ನೂ ಕಪಾಟಿನಲ್ಲಿ ಎದುರಿಗೇ ಇಟ್ಟಿದ್ದೇನೆ. ಕೋರ್ಸ್ ಮಾಡಿಬಂದವಳು ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಕಳಿಸಿದರೆ ಯಾರು ಮರ್ಯಾದೆ ಕೊಡುತ್ತಾರೆ?

ಎಸ್ಟೇಟಿಗೆ ಕಾಫಿ ಹಣ್ಣಿನ ಪಿಕಿಂಗಿಗೆ ಹೋಗುವ ಮಂಜಕ್ಕ ಹಚ್ಚಿಕೊಳ್ಳುವುದು ಅದೊಂದನ್ನೇ. ಕೆಲಸದಲ್ಲಿ ಮುಖಕ್ಕೆ ಟವೆಲ್ ಸುತ್ತುತ್ತಾರೆ, ಮಲಗುವಾಗ ಜೆಲ್ಲಿ ಸವರುತ್ತಾರೆ. ಐವತ್ತು ದಾಟಿದರೂ ಆ ಮುಖದಲ್ಲಿ ಒಂದು ಕಲೆಯಿಲ್ಲ. ಅದನ್ನು ಕೇಳಿ ನಾನು ದೊಡ್ಡ ತಜ್ಞೆಯಂತೆ ನಕ್ಕಿದ್ದೆ. ಅದೇ ಮಂಜಕ್ಕ ತಮ್ಮ ಮಗಳು ಸಹನಾಳ ಮದುವೆಯ ಮೇಕಪ್ಪನ್ನು ನನಗೆ ಒಪ್ಪಿಸಿದರು. ಅಲ್ಲಿಯವರೆಗೆ ನಾನು ಸಿಂಗರಿಸಿದ ಮದುಮಕ್ಕಳೆಲ್ಲ ನೆಂಟರೇ, ದೂರಲಾಗದವರು. ಹೊರಗಿನವರ ಮದುವೆ ಇದೇ ಮೊದಲು. ಕೆಟ್ಟರೆ ಪಾರ್ಲರಿಗೆ ಬೀಗ ಹಾಕಬೇಕಾದೀತೆಂದು ನಿಜವಾಗಿಯೂ ಹೆದರಿದ್ದೆ.

ಹೆದರಿಕೆಯ ಜೊತೆಗೆ ಒಂದು ಆಸೆಯೂ ಇತ್ತು. ಚಪ್ಪರದಲ್ಲಿ ಜನ ನನ್ನ ಮುಖ ನೋಡಿಯೇ ಪಾರ್ಲರಿಗೆ ಸಾಲುಗಟ್ಟಬೇಕು. ಆಗಲೇ ಒಂದು ದುಬಾರಿ ಬಾಟಲಿಯ ಹಿಂದೆ ‘ಹಣ್ಣಿನ ಆಮ್ಲ’ ಎಂದು ಓದಿದೆ. ಹಣ್ಣಿನ ಆಮ್ಲ ನಮ್ಮ ಅಡುಗೆಮನೆಯಲ್ಲೇ ಇದೆಯಲ್ಲ! ಶ್ರೀಮಂಗಲದ ನಾದಿನಿ ಕಳಿಸಿದ ಕಾಚಂಪುಳಿ, ಹಣ್ಣಿನ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕಾಯಿಸಿದ ಹುಳಿ. ಹಂದಿಮಾಂಸದ ಪಂದಿಕರಿಗೆ ಒಂದು ಚಮಚ ಸಾಕು. ಹಂದಿಯ ತೊಗಲನ್ನೇ ಮೆತ್ತಗೆ ಮಾಡುವುದು ನನ್ನದನ್ನು ಬಿಟ್ಟೀತೇ ಎಂದು ಲೆಕ್ಕ ಹಾಕಿದೆ. ಏನೇ ಹಚ್ಚುವುದಿದ್ದರೂ ಮೊದಲು ಕಿವಿಯ ಹಿಂದೆ ಒಂದು ಹನಿ ಹಚ್ಚಿ ಒಂದು ದಿನ ಕಾಯಿರಿ ಎಂದು ಗಿರಾಕಿಗಳಿಗೆ ದಿನಾ ಪಾಠ ಮಾಡುವವಳು, ನೇರ ಬಲಗೆನ್ನೆಗೆ ಬಳಿದುಕೊಂಡೆ.

ಇಪ್ಪತ್ತು ಎಣಿಸುವುದರೊಳಗೆ ನಲ್ಲಿಯ ಕೆಳಗಿದ್ದೆ. ವಾಸನೆ ಹಿಡಿದು ಬಂದ ಯಜಮಾನರು ಇವತ್ತು ಪಂದಿಕರಿಯ ಜೊತೆ ಕಡುಬೂ ಇದೆಯಾ ಎಂದು ವಿಚಾರಿಸಿದರು. ಎರಡು ದಿನಕ್ಕೆ ಚರ್ಮ ಸುಲಿದು, ಕೆನ್ನೆಯ ತುಂಬ ಕಪ್ಪು ಕಲೆ ಕೂತಿತು.

ಶನಿವಾರ ಸಂತೆ ಮುಗಿಸಿಕೊಂಡು ತಾಯಿ ಮಗಳು ಮೇಕಪ್ ಟ್ರಯಲ್ಲಿಗೆ ಬಂದರು. ಒಗ್ಗರಣೆ ಸಿಡಿಯಿತೆಂದು ಹೇಳಲು ತಯಾರಾಗಿದ್ದೆ. ಮಂಜಕ್ಕನ ಕಣ್ಣು ಎದುರಿಸಲಾಗದೆ ನಿಜ ಬಾಯಿಬಿಟ್ಟೆ. ಸಹನಾ ಕುರ್ಚಿಯಿಂದ ಅರ್ಧ ಎದ್ದಳು. ಮಂಜಕ್ಕ ನನ್ನ ಗಲ್ಲ ಹಿಡಿದು ಕೆನ್ನೆಯನ್ನು ಬೆಳಕಿಗೆ ತಿರುಗಿಸಿದರು.

“ನಮ್ ಹುಡುಗಿಗೆ ಹಚ್ಚಕ್ ಮುಂಚೆ ನಿಮ್ ಮಖಕ್ಕೇ ಹಚ್ಕಂಡ್ ನೋಡಿದ್ರಾ?”

ಹೌದೆಂದು ತಲೆಯಾಡಿಸಿಬಿಟ್ಟೆ. ಹಚ್ಚಿಕೊಳ್ಳುವಾಗ ನನ್ನ ತಲೆಯಲ್ಲಿ ಅವರ ಹುಡುಗಿ ಇರಲೇ ಇಲ್ಲ, ನಾನೊಬ್ಬಳೇ ಇದ್ದೆ. ಆ ನಾಚಿಕೆ ಉರಿಗಿಂತ ಹೆಚ್ಚಾಯಿತು.

“ಹಂಗಾರೆ ನೀವೇ ಮಾಡಿ,” ಎಂದರು ಮಂಜಕ್ಕ. “ಏನ್ ಹಚ್ಚೋದಿದ್ರೂ ಮೊದ್ಲು ನಿಮ್ ಕೆನ್ನೆಗೇ ಹಚ್ಕಬೇಕು. ನಾನ್ ಎದ್ರಿಗೇ ಕುಂತಿರ್ತೀನಿ.” ಆಮೇಲೆ ಸಂತೆಚೀಲದಿಂದ ಜೆಲ್ಲಿಯ ಡಬ್ಬಿ ತೆಗೆದು ತಾವೇ ನನ್ನ ಸುಟ್ಟ ಕೆನ್ನೆಗೆ ಸವರಿದರು. ತಜ್ಞೆ ಕಣ್ಣು ಮುಚ್ಚಿ ಹಚ್ಚಿಸಿಕೊಂಡಳು.

ಮದುವೆಯ ಬೆಳಿಗ್ಗೆ ಮಂಜಕ್ಕ ಹೇಳಿದಂತೆಯೇ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಬಲಗೆನ್ನೆ ಇನ್ನೂ ಮುಟ್ಟುವಂತಿರಲಿಲ್ಲ. ಪ್ರೈಮರು, ಫೌಂಡೇಶನ್ನು, ಬ್ಲಶ್ಶು ಎಲ್ಲವೂ ಮೊದಲು ನನ್ನ ಎಡಗೆನ್ನೆಗೆ ಬಿದ್ದು, ಪಾಸಾದ ಮೇಲೆ ಸಹನಾಳಿಗೆ ಹೋದವು. ಅವಳು ಚೆಂದ ಕಂಡಳು, ಎಲ್ಲರೂ ಹೊಗಳಿದರು. ನನ್ನ ಮುಖ ತೊಳೆಯಲು ಮಾತ್ರ ಹೊತ್ತು ಸಿಗಲಿಲ್ಲ. ಆಲ್ಬಮ್ಮಿನಲ್ಲಿ ಮದುಮಗಳ ಸೆರಗು ಸರಿಪಡಿಸುತ್ತಾ ಒಬ್ಬ ಹೆಂಗಸು ನಿಂತಿದ್ದಾಳೆ: ಎಡಗಡೆಯಿಂದ ಮದುವಣಗಿತ್ತಿ, ಬಲಗಡೆಯಿಂದ ಪಂದಿಕರಿ.